ತುಂಬಿದ್ದೋ, ನಡೆಯೋದೋ ಎಂದು ನಾನು ಕೇಳದೆ ಬಿಟ್ಟಿದ್ದು

ಚಳ್ಳಕೆರೆಯಲ್ಲಿ ಬಸ್ ಬುಕಿಂಗ್ ಕೌಂಟರ್ ನಡೆಸಿದ ಅಷ್ಟೂ ವರ್ಷಗಳಲ್ಲಿ ಮಕ್ಕಳ ವಯಸ್ಸಿನ ವಿಷಯದಲ್ಲಿ ನನ್ನನ್ನು ಯಾಮಾರಿಸಿದವರು ಬಹಳ ಕಡಿಮೆ. ಏಳು ವರ್ಷದ ಹುಡುಗನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು "ಇನ್ನೂ ಎದೆಹಾಲು ಬಿಟ್ಟಿಲ್ಲ ಕಣಕ್ಕಾ" ಎಂದವರನ್ನೂ ನೋಡಿದ್ದೇನೆ. ಆ ಹುಡುಗ ಅಷ್ಟರಲ್ಲಿ ಗೋಡೆಯ ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತಿದ್ದ. ನಾನು ಕನ್ನಡಕ ಮೇಲಕ್ಕೆ ಸರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ತುಂಬಿದ್ದೋ, ನಡೆಯೋದೋ?" ನಮ್ಮ ಕಡೆ ಐದು ವರ್ಷ ಎಂದರೆ ಐದು ತುಂಬಿದ್ದೂ ಇರಬಹುದು, ಐದನೆಯದು ನಡೆಯುತ್ತಿರುವುದೂ ಇರಬಹುದು. ಟಿಕೆಟ್ ಹರಿಯುವವಳಿಗೆ ಇವೆರಡರ ನಡುವೆ ಇಡೀ ಒಂದು ವರ್ಷದ ವ್ಯತ್ಯಾಸ.

ಅಂಥವಳು ನಾನು ಒಂದು ಮಗುವಿನ ವಿಷಯದಲ್ಲಿ ಆ ಪ್ರಶ್ನೆ ಕೇಳಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಎಸ್‌ಟಿಡಿ ಬೂತುಗಳಿಗೆ ನೊಣ ಹೊಡೆಯುವ ಕಾಲ ಬಂದಿತ್ತು, ಎಲ್ಲರ ಜೇಬಿಗೂ ಮೊಬೈಲು ಬರುತ್ತಿತ್ತು. ಕೌಂಟರಿನ ಜೊತೆಗೇ ನಡೆಸುತ್ತಿದ್ದ ನನ್ನ ಬೂತಿನ ಗಾಜಿನ ಪೆಟ್ಟಿಗೆಯನ್ನು ಕಿತ್ತು, ಆ ಜಾಗದಲ್ಲಿ ಒಂದು ಕಂಪ್ಯೂಟರ್ ಇಟ್ಟು, ಹೊರಗೆ 'ಬಸ್, ರೈಲು, ವಿಮಾನ, ಹಡಗು' ಎಂದು ಬರೆಸಿದ್ದೆ. ಹಡಗು ಎಂದು ಬರೆಸಿದ್ದು ಬರೀ ಕೊಬ್ಬು. ಎಣ್ಣೆ ಮಿಲ್ಲಿನ ಹೊಗೆ ಬಿಟ್ಟರೆ ಬೇರೇನೂ ಕಾಣದ ಊರಿನಲ್ಲಿ ಹಡಗಿನ ಟಿಕೆಟ್ ಯಾರು ಕೇಳುತ್ತಾರೆ? ನಾನೇ ಸಮುದ್ರ ನೋಡಿರಲಿಲ್ಲ. ನಲವತ್ತು ದಾಟಿದ್ದೆ, ಸಾವಿರಾರು ಜನರನ್ನು ಗೋಕರ್ಣಕ್ಕೂ ಮಂಗಳೂರಿಗೂ ಕಳಿಸಿದ್ದೆ, ನಾನು ಹೋದದ್ದು ಮಾತ್ರ ಬಳ್ಳಾರಿ, ದಾವಣಗೆರೆ.

ಹಡಗಿನ ಟಿಕೆಟ್ ಕೇಳಿಕೊಂಡು ಬಂದವರು ಮೊಳಕಾಲ್ಮೂರಿನವರು. ರೇಷ್ಮೆ ಸೀರೆ ನೇಯಿಸಿ ಮಾರುವ ಮನೆತನ. ಗಂಡ, ಹೆಂಡತಿ, ಗಂಡನ ತಾಯಿ, ಮತ್ತೆ ಒಂದು ಹೆಣ್ಣು ಪಾಪು. ಹೆಂಡತಿಯ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕೈಯಲ್ಲಿ ಕೋಲು. ಕೂರುವಾಗ ಮೊಣಕಾಲಿನ ಹತ್ತಿರದ ಲಾಕು ಬಿಚ್ಚಬೇಕು, ಏಳುವಾಗ ಹಾಕಬೇಕು. ಟಕ್ ಎಂದು ಸದ್ದಾಗುತ್ತಿತ್ತು.

"ಇವಳಿಗೆ ಸಮುದ್ರ ತೋರಿಸ್ಬೇಕು ಅಕ್ಕಾ," ಎಂದ ಗಂಡ. "ಮದ್ವೆ ಆದ ವರ್ಷ ಗೋಕರ್ಣಕ್ಕೆ ಕರ್ಕೊಂಡು ಹೋಗಿದ್ದೆ. ಮರಳಾಗೆ ಕೋಲು ಊರಿದ್ರೆ ಇಳೀತೈತೆ, ಕಾಲಿಟ್ರೆ ಇಳೀತೈತೆ. ಎತ್ಕೊಂಡು ಹೋಗ್ತೀನಿ ಬಾ ಅಂದೆ. ಅಷ್ಟು ಜನದ ಮುಂದೆ ಬ್ಯಾಡ ಅಂತ ಬಸ್ಸಿನಾಗೇ ಕುಂತ್ಲು."

"ಹಡಗಿನಾಗೆ ನೆಲ ಗಟ್ಟಿ ಇರ್ತೈತಂತಲ್ಲಕ್ಕಾ," ಎಂದಳು ಅವಳು. ತಗ್ಗಿದ ದನಿ, ಆದರೆ ಕಣ್ಣು ನೇರ. "ಒಂದು ಕುರ್ಚಿ ಹಾಕ್ಕೊಂಡು ನೋಡ್ತಾ ಕುಂತ್ಕೊಬೋದಂತೆ. ಆದ್ರೆ ಈ ಪಾಪು ಐತಲ್ಲ, ಇದು ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೈತೆ. ಇದು ಓಡಿದ್ರೆ ನಾನು ಹಿಂದೆ ಓಡಾಕಾಗಲ್ಲ. ಮನೇಲಾದ್ರೆ ಬಾಗ್ಲು ಹಾಕ್ಕೊಂತೀನಿ. ಅಲ್ಲಿ ನೀರು. ಇದನ್ನ ಯಾರಾದ್ರೂ ನೋಡ್ಕೊಳ್ಳೋ ಹಡಗು ಇದ್ರೆ ಹೇಳ್ರಿ. ಇಲ್ದಿದ್ರೆ ಬ್ಯಾಡ."

ಅತ್ತೆ ಇದ್ದಾರಲ್ಲ ಎಂದೆ. ಅತ್ತೆ ಎರಡೂ ಕೈ ಅಡ್ಡ ಆಡಿಸಿದರು. ಅವರದು ಆಂಧ್ರದ ಗಡಿಯ ತವರು, ಹೆದರಿಕೆಯೆಲ್ಲ ತೆಲುಗಿನಲ್ಲೇ ಬರುತ್ತಿತ್ತು. "ಅಮ್ಮೋ! ನಾಕು ಭಯಂ ತಲ್ಲೀ. ನೀರಿನ ಮ್ಯಾಲೆ ಮಲಗು ಅಂದ್ರೆ ನಾನು ಬರಲ್ಲ. ಇವರು ಹೋಗ್ಬರ್ಲಿ."

ಅವರನ್ನು ಕಳಿಸಿ ನಾನು ಕೆಲಸಕ್ಕೆ ಕೂತೆ. ಎರಡು ಕಂಪನಿ ಸಿಕ್ಕವು, ಎರಡರದೂ ಮುಂಬೈಯಿಂದ ಹೊರಟು ಗೋವಾ ಕಡೆ ಹೋಗಿ ತಿರುಗುವ ಹಡಗು. ಒಂದು ದೊಡ್ಡದು, ಒಂದು ಸಣ್ಣದು. ಎರಡು ದಿನ ಫೋನಿನಲ್ಲೇ ಇದ್ದೆ. ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಬೇಕು, ಅಲ್ಲಿ ತೂಗಾಟ ಕಮ್ಮಿಯಂತೆ. ಬಾಲ್ಕನಿ ಇರುವ ಕೋಣೆ ಬೇಡ, ಮಗು ಹತ್ತುತ್ತದೆ. ಕೋಣೆಯ ಚಿಲಕ ಮಗುವಿನ ಕೈಗೆ ಎಟುಕಬಾರದು. ಬಿಸಿನೀರು ಕೇಳಿದಾಗ ಸಿಗಬೇಕು, ಮನೆಯ ರಾಗಿಸರಿ ಹಿಟ್ಟು ಒಯ್ಯಲು ಬಿಡಬೇಕು. ವೈದ್ಯರು ಇರಬೇಕು. ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ?

"ಹೊಸ್ತಿಲಾ ಮೇಡಂ?" ದೊಡ್ಡ ಕಂಪನಿಯ ಬೆಂಗಳೂರು ಆಫೀಸಿನವನು ನಕ್ಕುಬಿಟ್ಟ.

"ಹೂಂನಪ್ಪಾ, ಹೊಸ್ತಿಲು. ಹಡಗಿನ ಬಾಗಿಲಿಗೆಲ್ಲ ಕಬ್ಬಿಣದ ಹೊಸ್ತಿಲು ಇರ್ತಾವಂತೆ. ಟೇಪು ಹಿಡಿದು ಅಳತೆ ಹೇಳಿ, ಆಮೇಲೆ ನಗ್ರಿ."

ಒಳ್ಳೆಯವನು ಪಾಪ. ಮುಂಬೈಗೆ ಕೇಳಿ ಮಾರನೆಯ ದಿನ ಕೋಣೆಯದೂ ಬಚ್ಚಲಿನದೂ ಅಳತೆ ತರಿಸಿ ಹೇಳಿದ. ಅವನ ಹಡಗಿನಲ್ಲಿ ಮಕ್ಕಳಿಗೇ ಒಂದು ಕೋಣೆ ಇತ್ತು. ಬೆಳಿಗ್ಗೆ, ಸಂಜೆ ಬಿಟ್ಟು ಬಂದರೆ ಹೆಂಗಸರು ನೋಡಿಕೊಳ್ಳುತ್ತಾರೆ. "ಆದ್ರೆ ಮೇಡಂ, ಮೂರು ವರ್ಷ ಪೂರ್ತಿ ಆಗಿರಬೇಕು. ಒಂದು ದಿನ ಕಡಿಮೆ ಇದ್ರೂ ತಗೊಳ್ಳಲ್ಲ," ಎಂದು ಸ್ಪಷ್ಟವಾಗಿ ಹೇಳಿದ. ಸ್ಪಷ್ಟವಾಗಿ ಎಂಬ ಪದವನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ.

ಸಣ್ಣ ಹಡಗಿನಲ್ಲಿ ಮಕ್ಕಳ ಕೋಣೆ ಇರಲಿಲ್ಲ. ಆದರೆ ಮೊದಲೇ ಹೇಳಿದರೆ ಒಬ್ಬ ಆಯಾಳನ್ನು ಕೊಡುತ್ತಿದ್ದರು, ಮಗು ಯಾವ ವಯಸ್ಸಿನದಾದರೂ ಸರಿ. ಕೋಣೆ, ಊಟದ ಮನೆ, ಸಮುದ್ರ ನೋಡುವ ಜಾಗ ಎಲ್ಲ ಒಂದೇ ಅಂತಸ್ತಿನಲ್ಲಿ. ಆ ಹೆಣ್ಣುಮಗಳ ಕಾಲಿಗೂ ಆ ಮಗುವಿಗೂ ಹೇಳಿ ಮಾಡಿಸಿದಂಥ ಹಡಗು. ನನಗದು ಗೊತ್ತಾಗಿತ್ತು. ಅದನ್ನೇ ಗೊತ್ತು ಮಾಡಿದರಾಯಿತು ಎಂದು ಆ ಸಂಜೆ ಅಂದುಕೊಂಡೂ ಇದ್ದೆ.

ಬೆಂಗಳೂರಿನವನು ಮತ್ತೆ ಫೋನು ಮಾಡಿದ್ದು ಮಾರನೆಯ ದಿನ. "ಮೇಡಂ, ನೀವು ಹೊಸ ಏಜೆಂಟ್ ಅಲ್ವಾ? ಮೊದಲನೇ ಫ್ಯಾಮಿಲಿ ಬುಕಿಂಗಿಗೆ ಏಜೆಂಟಿಗೂ ಅದೇ ಹಡಗಲ್ಲಿ ಒಂದು ಫ್ರೀ ಜಾಗ ಐತೆ. ನೋಡಿದ್ರೆ ತಾನೇ ನಾಲ್ಕು ಜನಕ್ಕೆ ಹೇಳೋದು?"

ರಿಸೀವರ್ ಇಟ್ಟೆ. ಆಸೆ ಎನ್ನುವುದು ಎಷ್ಟು ಸಲೀಸಾಗಿ ವಕೀಲಿಕೆ ಮಾಡುತ್ತದೆ! ದೊಡ್ಡ ಹಡಗಿಗೆ ಲಿಫ್ಟ್ ಇದೆಯಲ್ಲ ಎಂದಿತು. ನಾನೂ ಜೊತೆಗಿದ್ದರೆ ಅವರಿಗೇ ಧೈರ್ಯ ಎಂದಿತು. ಮಗು ನೋಡಲು ದೊಡ್ಡದಾಗೇ ಕಾಣುತ್ತದೆ ಎಂದಿತು.

ಫಾರಂ ತುಂಬಲು ಅವರು ಮತ್ತೆ ಬಂದರು. ಮಕ್ಕಳ ಕೋಣೆಗೆ ಬೇರೆಯದೇ ಒಂದು ಹಾಳೆ ಇತ್ತು, ಅದರಲ್ಲಿ ವಯಸ್ಸು ಎಂದಷ್ಟೇ ಇತ್ತು.

"ಪಾಪುಗೆ ಎಷ್ಟು?" ಎಂದೆ.

"ಮೂರಕ್ಕೆ ಬಿದ್ದೈತಮ್ಮ," ಎಂದರು ಅತ್ತೆ.

ಮೂರಕ್ಕೆ ಬಿದ್ದಿದೆ ಎಂದರೆ ಎರಡು ತುಂಬಿ ಮೂರನೆಯದು ನಡೆಯುತ್ತಿದೆ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬಾಯ ತುದಿಗೆ ಬಂತು. ನುಂಗಿದೆ. 'ಮೂರು' ಎಂದು ಬರೆದೆ. ಇಂಗ್ಲಿಷ್ ಬಾರದ ಮೂವರು ನನ್ನ ಪೆನ್ನನ್ನೇ ನಂಬಿ ನೋಡುತ್ತಾ ಕೂತಿದ್ದರು. "ಎಲ್ಲಾ ಸರಿಹೋಯ್ತು, ಅಲ್ಲಿ ಪಾಪುವನ್ನ ನೋಡ್ಕೊಂತಾರೆ," ಎಂದೆ. ಆ ಹೆಣ್ಣುಮಗಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ತಿದ್ದಿಕೊಳ್ಳಲು ಇನ್ನೊಂದು ಅವಕಾಶವೂ ಇತ್ತು. ಮಗುವಿನ ಜನನ ಪತ್ರ ಕವರಿನಲ್ಲಿ ಬಸ್ ಕಂಡಕ್ಟರ್ ಕೈಯಲ್ಲಿ ಬಂತು. ಜೆರಾಕ್ಸ್ ಮಾಡಿಸುವಾಗ ದಿನಾಂಕ ಕಂಡಿತು. ಎರಡು ವರ್ಷ ನಾಲ್ಕು ತಿಂಗಳು. ಇನ್ನೂ ಸಣ್ಣ ಹಡಗಿಗೆ ಬದಲಾಯಿಸಬಹುದಿತ್ತು. ಕಾಗದ ಮಡಿಸಿ ಕವರಿಗೆ ಹಾಕಿದೆ. ಅಲ್ಲಿ ಹೋದ ಮೇಲೆ ಮಗುವಿನ ಮುಖ ನೋಡಿ ಬಿಟ್ಟುಕೊಳ್ಳುತ್ತಾರೆ, ಯಾರು ಲೆಕ್ಕ ಹಾಕುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ರಾಯದುರ್ಗದ ಮೇಲೆ ಗುಂತಕಲ್ಲಿಗೆ ಹೋಗಿ ಮುಂಬೈ ರೈಲು ಹಿಡಿದೆವು. ಕೆಳಗಿನ ಬರ್ತುಗಳು, ನಿಲ್ದಾಣದಲ್ಲಿ ಗಾಲಿಕುರ್ಚಿ, ಎಲ್ಲ ಮೊದಲೇ ಹೇಳಿಟ್ಟಿದ್ದೆ, ಎಲ್ಲ ಸರಿಯಾಗೇ ನಡೆಯಿತು. ಬಂದರಿನಲ್ಲಿ ಹಡಗನ್ನು ಕಂಡು ಗಂಡ "ಯಪ್ಪಾ, ಇದೇನು ನಮ್ಮೂರ ಗುಡ್ಡನೇ ತಂದು ನೀರಿಗೆ ಬಿಟ್ಟಾರಲ್ಲ!" ಎಂದ. ಕೋಣೆ ನಾನು ಹೇಳಿದ ಜಾಗದಲ್ಲೇ ಇತ್ತು, ಹೊಸ್ತಿಲು ಹೇಳಿದ ಅಳತೆಯಲ್ಲೇ ಇತ್ತು. ನನ್ನ ಎದೆ ಉಬ್ಬಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆ ಸಂಜೆಯೇ ಮಗುವನ್ನು ಮಕ್ಕಳ ಕೋಣೆಗೆ ಕರೆದುಕೊಂಡು ಹೋದೆವು. ಅಲ್ಲಿನ ಹೆಂಗಸು ನಗುನಗುತ್ತಲೇ ಜನನ ಪತ್ರ ತೆಗೆದುಕೊಂಡಳು, ಬೆರಳು ಮಡಿಸಿ ಎಣಿಸಿದಳು, ತಲೆ ಅಲ್ಲಾಡಿಸಿದಳು. ಹಿಂದಿಯಲ್ಲಿ ಬೇಡಿಕೊಂಡೆ. ಆಗುವುದಿಲ್ಲ, ಹಡಗಿನ ನಿಯಮ ಎಂದಳು. ಒಳಗೆ ಬಣ್ಣದ ಚೆಂಡುಗಳ ತೊಟ್ಟಿ ಕಂಡ ಪಾಪು ಬಾಗಿಲಲ್ಲೇ ಬಿದ್ದು ಹೊರಳಾಡತೊಡಗಿತು.

"ಏನಂತಾಳೆ ಅಕ್ಕಾ?" ಎಂದ ಗಂಡ.

ಆಗಲಾದರೂ ಹೇಳಬಹುದಿತ್ತು. "ಮೂರು ತುಂಬಿರಬೇಕಂತೆ. ಆ ಬೆಂಗಳೂರಿನವನು ನನಗೆ ಹೇಳಲೇ ಇಲ್ಲ ನೋಡ್ರಿ," ಎಂದೆ. ಸುಳ್ಳು ಹೇಳಲು ನಾಲಿಗೆ ಒಂದು ಚೂರೂ ತಡವರಿಸಲಿಲ್ಲ. ಹೆಂಡತಿ ಮಗುವಿನ ಲಂಗದ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ನಾನಿದ್ದೀನಲ್ಲವ್ವ! ಪಾಪು ನನ್ನ ಜವಾಬ್ದಾರಿ. ನೀನು ಕುರ್ಚಿ ಹಾಕ್ಕೊಂಡು ಕುಂತ್ಕೊ," ಎಂದೆ.

ಮಾರನೆಯ ಬೆಳಿಗ್ಗೆ ಆಕೆ ಮೇಲಿನ ಅಂತಸ್ತಿನಲ್ಲಿ ಕೂತಳು. ನಾನು ಪಾಪುವನ್ನು ಕರೆದುಕೊಂಡು ಹೊರಟಾಗ ಲಾಕು ಬಿಚ್ಚಿ ಕಾಲು ಚಾಚಿಕೊಂಡು, ತಲೆ ಹಿಂದಕ್ಕೆ ಇಟ್ಟಿದ್ದಳು. "ಇವಳು ಹುಟ್ಟಿದ ಮ್ಯಾಲೆ ನಾನು ಹಿಂಗೆ ಕುಂತಿದ್ದೇ ಇಲ್ಲಕ್ಕಾ," ಎಂದಳು. ಗಂಡ ಪಕ್ಕದಲ್ಲಿ ಕೂತು ಕಡಲೆಬೀಜ ಸುಲಿದು ಅವಳ ಅಂಗೈಗೆ ಹಾಕುತ್ತಿದ್ದ.

ಪಾಪುವಿನ ಜೊತೆ ನಾನು ಹಡಗಿನ ಹಿಂಭಾಗಕ್ಕೆ ಬಂದೆ. ಗಂಟೆ ಹೊತ್ತು ಚೆನ್ನಾಗೇ ನೋಡಿಕೊಂಡೆ. ಆಮೇಲೆ ಯಾರೋ ಕೂಗಿದರು, ಎಲ್ಲರೂ ಕಂಬಿಯ ಹತ್ತಿರ ಓಡಿದರು. ನೀರಿನಿಂದ ದೊಡ್ಡ ಮೀನುಗಳು ಹಾರುತ್ತಿದ್ದವು, ಡಾಲ್ಫಿನ್ನುಗಳು. ಒಂದರ ಹಿಂದೆ ಒಂದು, ಬೆನ್ನು ಮಿಂಚಿಸುತ್ತಾ. ನಾನೂ ನುಗ್ಗಿದೆ, ಬಾಯಿ ಬಿಟ್ಟುಕೊಂಡು ನೋಡಿದೆ. ಎಷ್ಟು ಹೊತ್ತು ನೋಡಿದೆನೋ. ಕೆಳಗೆ ನೋಡಿದರೆ ಪಾಪು ಇಲ್ಲ.

ಕಂಬಿಗಳ ಸಂದಿನಿಂದ ನೀರಿನ ಕಡೆ ನೋಡಿದೆ. ಸಿಕ್ಕವರ ತೋಳು ಹಿಡಿದು ಕನ್ನಡದಲ್ಲೇ "ಪಾಪು, ಹಸಿರು ಲಂಗ, ಪಾಪು" ಎಂದು ಅರಚಿದೆ. ಹಡಗಿನವನೊಬ್ಬ ಅರ್ಥ ಮಾಡಿಕೊಂಡು ಮೈಕಿನಲ್ಲಿ ಕೂಗಿಸಿದ. ಹಸಿರು ಬಟ್ಟೆಯ ಹೆಣ್ಣುಮಗು ಕಾಣೆಯಾಗಿದೆ ಎಂಬುದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹಡಗಿನ ಮೂಲೆ ಮೂಲೆಗೂ ಕೇಳಿಸಿತು. ಮೇಲೆ ಕೂತಿದ್ದ ತಾಯಿಗೂ ಕೇಳಿಸಿತು. ಹಸಿರು ಎನ್ನುವುದಕ್ಕೆ ಹಿಂದಿ ಪದ ಅವಳಿಗೆ ಗೊತ್ತಿತ್ತು. ಸೀರೆ ವ್ಯಾಪಾರದ ಮನೆಯವಳಲ್ಲವೇ, ಬಣ್ಣದ ಹೆಸರುಗಳೆಲ್ಲ ಗೊತ್ತು.

ಮಗು ಲಿಫ್ಟಿನಲ್ಲಿ ಸಿಕ್ಕಿತು. ಯಾರದೋ ಹಿಂದೆ ಒಳಗೆ ಹೋಗಿ, ಮೇಲೆ ಕೆಳಗೆ ಓಡಾಡುತ್ತಾ, ಹತ್ತುವವರಿಗೆಲ್ಲ ಟಾಟಾ ಮಾಡುತ್ತಿತ್ತಂತೆ. ಕೂದಲೂ ಕೊಂಕಿರಲಿಲ್ಲ. ಬಿದ್ದದ್ದು ತಾಯಿ. ಕಾಲಿನ ಲಾಕು ಹಾಕದೆ, ಕೋಲು ಹಿಡಿಯದೆ ಎದ್ದುಬಿಟ್ಟಿದ್ದಳು. ಒಳಗೆ ಬರುವ ಬಾಗಿಲಿನ ಕಬ್ಬಿಣದ ಹೊಸ್ತಿಲು ತಗುಲಿ ಮುಖ ಅಡಿಯಾಗಿ ಬಿದ್ದಳು. ಆ ಒಂದು ಬಾಗಿಲಿನ ಅಳತೆ ನಾನು ಕೇಳಿರಲಿಲ್ಲ. ಗದ್ದ ಒಡೆದಿತ್ತು, ಹಡಗಿನ ವೈದ್ಯರು ಹೊಲಿಗೆ ಹಾಕಿದರು. ಸೂಜಿ ಚುಚ್ಚುವಾಗ ಅವಳು ಅಳಲಿಲ್ಲ, ಮಗುವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಕೈ ಕೊಸರಿಕೊಂಡು ಓಡಿಬಿಟ್ಟಳು ಕಣವ್ವ. ಎಷ್ಟು ಬಿಗಿಯಾಗಿ ಹಿಡಿದಿದ್ದೆ!" ಎಂದೆ.

"ಇರ್ಲಿ ಬಿಡ್ರಕ್ಕಾ," ಎಂದಳು.

ಅಲ್ಲಿಂದಾಚೆ ಅವಳು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಸೆರಗಿನ ತುದಿಯನ್ನು ಪಾಪುವಿನ ನಡುವಿಗೆ ಕಟ್ಟಿ ಮಂಚದ ಮೇಲೆ ಕೂತಳು. ಕೆಳ ಅಂತಸ್ತಿನ ಆ ಕೋಣೆಗೆ ಕಿಟಕಿ ಇರಲಿಲ್ಲ. ತೂಗಾಟ ಕಮ್ಮಿ ಎಂದು ನಾನೇ ಆರಿಸಿ ಕೊಡಿಸಿದ ಕೋಣೆ. ಗೋವಾದ ಹತ್ತಿರ ಹಡಗು ನಿಂತಾಗ ಗಂಡ ಎಷ್ಟು ಕರೆದರೂ "ನೀವು ನೋಡ್ಕೊಂಡು ಬರ್ರಿ" ಎಂದಳಂತೆ. ಅವನೂ ಹೋಗಲಿಲ್ಲ.

ಹಡಗು ಮುಂಬೈ ಮುಟ್ಟುವ ದಿನ ಬೆಳಿಗ್ಗೆ, ಸಾಮಾನು ಕಟ್ಟಿಕೊಡಲು ನಾನು ಅವರ ಕೋಣೆಯಲ್ಲಿದ್ದಾಗ, ಗಂಡ ಒಂದು ಕಾಗದ ಹಿಡಿದು ಬಂದ. ಹಡಗಿನ ಆಫೀಸಿನಲ್ಲಿ ಕೇಳಿ ತಂದ ದೂರಿನ ಫಾರಂ. ಎರಡು ದಿನದಿಂದ ಒಳಗೇ ಕುದ್ದಿದ್ದ.

"ಬರೀರಿ ಅಕ್ಕಾ. ಆ ಬೆಂಗಳೂರಿನೋನ ಹೆಸರು ಹಾಕಿ ಬರೀರಿ. ಮೂರು ತುಂಬಿರ್ಬೇಕು ಅನ್ನೋ ಒಂದು ಮಾತು ಹೇಳಿದ್ರೆ ಇವನ ಗಂಟೇನು ಹೋಗ್ತಿತ್ತು? ಇಂಥೋನನ್ನ ಕೆಲ್ಸದಾಗೆ ಇಟ್ಕೋಬಾರ್ದು. ಮನೆಗೆ ಕಳಿಸೋವರ್ಗೂ ಬಿಡಲ್ಲ ನಾನು. ಅಲ್ಲಿ ಹೇಳ್ಬಂದೀನಿ, ಬರೆದು ಕೊಟ್ರೆ ವಿಚಾರಿಸ್ತಾರಂತೆ."

ಇಂಗ್ಲಿಷಿನಲ್ಲಿ ಬರೆಯಲು ಬರುವವಳು ನಾನೊಬ್ಬಳೇ. ಪೆನ್ನು ತೆಗೆದುಕೊಂಡೆ. ಪ್ರಯಾಣಿಕರ ಹೆಸರು ಬರೆದೆ, ಕೋಣೆಯ ಸಂಖ್ಯೆ ಬರೆದೆ. ಯಾರ ಮೇಲೆ ದೂರು ಎಂಬಲ್ಲಿಗೆ ಬಂದೆ. ಹೊಸ್ತಿಲ ಅಳತೆಗಾಗಿ ಮುಂಬೈಗೆ ಫೋನು ಮಾಡಿದವನು ಅವನು. "ಒಂದು ದಿನ ಕಡಿಮೆ ಇದ್ರೂ ತಗೊಳ್ಳಲ್ಲ" ಎಂದವನು. ಹೆಸರಿನ ಮೊದಲ ಅಕ್ಷರ ಬರೆದೆ. ಬರೆದೆ ಎಂಬುದನ್ನೂ ಹೇಳಿಬಿಡಬೇಕು. ಎರಡನೆಯ ಅಕ್ಷರಕ್ಕೆ ಕೈ ಏಳಲಿಲ್ಲ.

"ಅವನು ಹೇಳಿದ್ದ," ಎಂದೆ.

"ಏನು?"

"ಮೂರು ತುಂಬಿರಬೇಕು ಅಂತ ಅವನು ಹೇಳಿದ್ದ. ನಿಮ್ಮವ್ವ ಮೂರಕ್ಕೆ ಬಿದ್ದೈತೆ ಅಂದಾಗ ನನಗೆ ಗೊತ್ತಾಗಿತ್ತು. ಜನನ ಪತ್ರಾನೂ ನೋಡಿದ್ದೆ. ಆಯಾ ಕೊಡೋ ಇನ್ನೊಂದು ಹಡಗು ಇತ್ತು. ಇದರಲ್ಲಿ ನನಗೆ ಬಿಟ್ಟಿ ಜಾಗ ಸಿಗ್ತಿತ್ತು ಅಂತ ಇದನ್ನ ಮಾಡ್ಸಿದೆ. ನಾನು ಸಮುದ್ರ ನೋಡಿರಲಿಲ್ಲ."

ಅವನು ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಿಂದ ಕಾಗದ ತೆಗೆದುಕೊಂಡು ಸಣ್ಣಗೆ ಹರಿದ. "ಒಬ್ಬ ತಪ್ಪಿಲ್ಲದೋನ ಹೊಟ್ಟೆ ಮ್ಯಾಲೆ ಹೊಡೀತಿದ್ನಲ್ಲ ನಾನು," ಎಂದ. ಬಾಗಿಲ ಹತ್ತಿರ ಹೋಗಿ ತಿರುಗಿ, "ಅಕ್ಕಾ ಅಂತ ಕರೀತಿದ್ವಲ್ರೀ ನಿಮ್ಮನ್ನ," ಎಂದು ಹೊರಟುಹೋದ. ಹೆಂಡತಿ ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ವಾಪಸ್ಸು ರೈಲಿಗೂ ಟಿಕೆಟ್ ಮಾಡಿಸಿದ್ದವಳು ನಾನೇ, ಎಲ್ಲರಿಗೂ ಒಂದೇ ಕಡೆ. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಗಂಡ ಮೇಲಿನ ಬರ್ತ್ ಹತ್ತಿ ಗೋಡೆಯ ಕಡೆ ತಿರುಗಿ ಮಲಗಿದ. ನಾನು ಕಿಟಕಿಯ ಪಕ್ಕ, ಎದುರಿಗೆ ಅವಳು, ಅವಳ ತೊಡೆಯ ಮೇಲೆ ಪಾಪು. ಗದ್ದದ ಪಟ್ಟಿಯಿಂದ ಮಾತಾಡಲು ಕಷ್ಟವಾಗುತ್ತಿತ್ತು, ಅದಕ್ಕೆ ಸುಮ್ಮನಿದ್ದಾಳೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ರೈಲು ಘಟ್ಟ ಹತ್ತಿ ಪುಣೆ ದಾಟಿತು.

"ನೀವು ಸಮುದ್ರ ಚೆನ್ನಾಗಿ ನೋಡಿದ್ರಾ ಅಕ್ಕಾ?"

ಬೆಚ್ಚಿದೆ. ಕುಹಕವಿರಲಿಲ್ಲ ಅವಳ ದನಿಯಲ್ಲಿ. ಊಟ ಆಯ್ತಾ ಎಂದು ಕೇಳಿದ ಹಾಗೆ ಕೇಳಿದ್ದಳು.

"ನೋಡಿದೆ ಕಣವ್ವ."

"ಮೀನು ಹಾರಿದ್ವಂತಲ್ಲ. ಇವಳು ಎರಡು ದಿನದಿಂದ ಕೈ ಎತ್ತಿ ಎತ್ತಿ ಏನೋ ತೋರಿಸ್ತಾಳೆ, ಹೇಳಾಕೆ ಬರಲ್ಲ. ನೀವು ಹೇಳ್ರಿ. ನಾನು ಒಂದು ಗಂಟೆ ನೋಡಿದೆ, ಆಗ ಬರೀ ನೀರಿತ್ತು."

"ಬ್ಯಾಡ ಕಣೇ. ಬಿಡು."

"ಹೇಳ್ರಿ. ಕೇಳ್ತೀನಿ."

ಅವಳು ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡಳು. ನಾನು ಹೇಳಲು ಶುರು ಮಾಡಿದೆ. ನೀರು ಹಿಂಭಾಗದಲ್ಲಿ ಹಾಲು ಉಕ್ಕಿದಂತೆ ಬೆಳ್ಳಗಿತ್ತು ಎಂದೆ. ಮೊದಲು ಒಂದು ಬೆನ್ನು ಕಂಡಿತು, ಕರ್ರಗೆ, ಎಣ್ಣೆ ಹಚ್ಚಿದ ಹಾಗೆ ಎಂದೆ. ಆಮೇಲೆ ಎರಡು, ಆಮೇಲೆ ಲೆಕ್ಕವಿಲ್ಲದಷ್ಟು. ಬಿಸಿಲು ಬಿದ್ದು ಹೊಟ್ಟೆ ಬೆಳ್ಳಗೆ ಹೊಳೆಯುತ್ತಿತ್ತು ಎಂದೆ. ನಾನು ನಿಲ್ಲಿಸಿದಾಗಲೆಲ್ಲ ಅವಳು ಕಣ್ಣು ತೆರೆಯದೆಯೇ "ಆಮೇಲೆ?" ಎನ್ನುತ್ತಿದ್ದಳು.

"ಜನದ ಕಾಲು ಅಡ್ಡ ಆಗಿ ಕಾಣ್ಸಲ್ಲ ಅಂತ ಪಾಪು ಅತ್ಲು. ಎತ್ತಿ ತೋರಿಸ್ದೆ. ಚಪ್ಪಾಳೆ ತಟ್ಟಿದ್ಲು. ಆಮೇಲೆ ಕೆಳಗೆ ಇಳಿಸ್ದೆ."

"ಆಮೇಲೆ?"

ಮೇಲಿನ ಬರ್ತಿನಲ್ಲಿ ಗಂಡ ಮಗ್ಗುಲು ಬದಲಾಯಿಸಿದ. ಅವನೂ ಎಚ್ಚರವಿದ್ದ.

"ಅವಳು ಕೊಸರಿಕೊಳ್ಳಲಿಲ್ಲ ಕಣವ್ವ. ಕಂಬಿ ಹಿಡ್ಕೊಂಡು ಬಗ್ಗಿ ನೋಡೋಕೆ ನನಗೆ ಎರಡೂ ಕೈ ಬೇಕಾಗಿತ್ತು," ಎಂದೆ. "ನಾನೇ ಅವಳ ಕೈ ಬಿಟ್ಟೆ."